ಮಂಗಳವಾರ ಯಾರೂ ಉಗುರು ಕತ್ತರಿಸುವುದಿಲ್ಲ

28 ಏಪ್ರಿಲ್ 2026, ಮಂಗಳವಾರ
ಕಲಬುರಗಿ

ನಮ್ಮ ಕಡೆ ಮಂಗಳವಾರ, ಶುಕ್ರವಾರ ಉಗುರು ಕತ್ತರಿಸುವಂತಿಲ್ಲ. ದೀಪ ಹಚ್ಚಿದ ಮೇಲಂತೂ ಯಾವ ವಾರವೂ ಇಲ್ಲ. ಉಗುರು ಅಲಂಕರಿಸುವ ಈ ಅಂಗಡಿ ತೆರೆದ ಮೊದಲ ವರ್ಷ ಈ ಶಾಸ್ತ್ರಕ್ಕೆ ಹಿಡಿಶಾಪ ಹಾಕುತ್ತಿದ್ದೆ. ವಾರಕ್ಕೆ ಎರಡು ದಿನ ನೊಣ ಹೊಡೆಯುತ್ತ ಕುಳಿತು ಏಳೂ ದಿನದ ಬಾಡಿಗೆ ಕಟ್ಟುವುದೆಂದರೆ ಹೊಟ್ಟೆ ಉರಿಯುವುದಿಲ್ಲವೇ? ಈಗ ಮಂಗಳವಾರ ಬಂದರೆ ಖುಷಿ. ಗಿರಾಕಿ ಇಲ್ಲದ ದಿನವೇ ನಮಗೆ ಪಾಠದ ದಿನ.

ಈ ಸಲ ಕೆಲಸ ಕಲಿಯಲು ನಾಲ್ವರು ಬರುತ್ತಿದ್ದಾರೆ. ಸೇಡಂನಿಂದ ಬಸ್ಸಿನಲ್ಲಿ ಬರುವ ಹುಡುಗಿ, ಆಳಂದದ ಹುಡುಗಿ, ರೋಜಾ ಬಡಾವಣೆಯ ಹುಡುಗಿ, ಮತ್ತು ಶಹಾಬಾದಿನಲ್ಲಿ ಹದಿನೈದು ವರ್ಷದಿಂದ ಪಾರ್ಲರ್ ನಡೆಸುತ್ತಿರುವ ಅಕ್ಕ. ಅವರು ನನಗಿಂತ ಹಿರಿಯರು. ಅವರು ನನ್ನನ್ನು ಮೇಡಂ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಇಬ್ಬರಿಗೂ ಸ್ವಲ್ಪ ಮುಜುಗರ, ಆದರೆ ಹೇಗೋ ನಡೆಯುತ್ತಿದೆ.

ಬೆಳಗ್ಗೆ ಹತ್ತು ಗಂಟೆಗೇ ಗೋಡೆಯ ಮಾಪಕ 36 ತೋರಿಸುತ್ತಿತ್ತು, ಅದೂ ಕೂಲರ್ ತಿರುಗುತ್ತಿರುವ ಕೋಣೆಯಲ್ಲಿ. ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಯಾಗಬೇಕಾದ ಜೆಲ್ ಪಾಲಿಶ್ ಈ ಸೆಕೆಗೆ ಎಣ್ಣೆಯ ಹಾಗೆ ಹರಿಯುತ್ತದೆ. ಬಾಟಲಿಗಳನ್ನು ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿ, ಕುಡಿಯುವ ನೀರಿನ ಗಡಿಗೆಯ ಪಕ್ಕದಲ್ಲಿ ಇಡುತ್ತೇವೆ. ದ್ರವ, ಪುಡಿ ಸೇರಿಸಿ ಕೃತಕ ಉಗುರು ಕಟ್ಟುವ ಅಕ್ರಿಲಿಕ್‌ನದು ಇದಕ್ಕೆ ತಿರುಗಾಮುರುಗಾ ಸ್ವಭಾವ. ದ್ರವದಲ್ಲಿ ಅದ್ದಿದ ಬ್ರಷ್ಷಿನ ತುದಿಗೆ ಪುಡಿಯ ಮುತ್ತು ಹತ್ತಿಸಿ ಉಗುರಿನ ಮೇಲೆ ಇಟ್ಟು ಒತ್ತುವಷ್ಟರಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಎಲ್ಲದರ ಮೇಲಿನ ಕೊನೆಯ ಪದರ, ಟಾಪ್ ಕೋಟ್, ಹಚ್ಚುವಾಗ ಕೂಲರ್ ಆರಿಸಲೇಬೇಕು, ಇಲ್ಲದಿದ್ದರೆ ಅದು ಎಬ್ಬಿಸುವ ಧೂಳೆಲ್ಲ ಉಗುರಿನ ಮೇಲೆಯೇ. ಆ ಐದು ನಿಮಿಷ ಎಲ್ಲರ ಮೂಗಿನ ತುದಿಯಿಂದಲೂ ಬೆವರು ತೊಟ್ಟಿಕ್ಕುತ್ತದೆ. ಆಳಂದದವಳು ಕಳೆದ ವಾರ ಒಂದು ಬಾಟಲಿಯ ಮುಚ್ಚಳ ತೆಗೆದು ಕಿಟಕಿಯ ಮೇಲೆ ಇಟ್ಟು ಊಟಕ್ಕೆ ಹೋಗಿದ್ದಳು. ಬಂದು ನೋಡಿದರೆ ಬ್ರಷ್ಷು ಕಡ್ಡಿಯಾಗಿತ್ತು. ಜೆಲ್ ಗಟ್ಟಿಯಾಗಿಸಲು ಲ್ಯಾಂಪಿನಲ್ಲಿರುವ ಕಿರಣ ಬಿಸಿಲಿನಲ್ಲೂ ಇದೆ ಎನ್ನುವುದನ್ನು ನಾನು ಮೂರು ಸಲ ಹೇಳಿದ್ದೆ. ಆ ಬಾಟಲಿ ಒಂದೇ ಸಲಕ್ಕೆ ಕಲಿಸಿತು.

ಇವತ್ತಿನ ಪಾಠ ಬೇಸ್ ಕೋಟ್, ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳದ ಜೆಲ್. ಹೊರಗಿನವರಿಗೆ ಇದರಲ್ಲಿ ಕಲಿಯುವುದೇನಿದೆ ಎನಿಸಬಹುದು. ಉಗುರಿನ ಬುಡದಲ್ಲಿಯೂ ಎರಡು ಬದಿಗಳಲ್ಲಿಯೂ ಚರ್ಮಕ್ಕೂ ಜೆಲ್‌ಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು, ಅಷ್ಟೇ. ಆ ಕೂದಲೆಳೆಗೆ ನಾನು ಮೂರು ಮಂಗಳವಾರ ಕೊಡುತ್ತೇನೆ.

ಸೇಡಂ ಹುಡುಗಿಯ ಕೈ ನಾಲ್ವರಲ್ಲೇ ಚುರುಕು. ಮೊದಲು ಮೆಹಂದಿ ಹಾಕುತ್ತಿದ್ದವಳು. ಕಷ್ಟವಾಗುತ್ತಿರುವುದೂ ಅದರಿಂದಲೇ. ಮೆಹಂದಿ ಹಾಕುವವರಿಗೆ ಚರ್ಮವೇ ಕಾಗದ. ಚರ್ಮ ಬಿಟ್ಟು ಹಚ್ಚು ಎಂದರೆ ಕಾಗದ ಬಿಟ್ಟು ಬರೆ ಎಂದಂತೆ. ಇವತ್ತು ಆಳಂದದವಳ ಹೆಬ್ಬೆರಳು ಹಿಡಿದು, ಬ್ರಷ್ಷಿನ ತುಂಬ ಜೆಲ್ ತೆಗೆದುಕೊಂಡು ಬುಡಕ್ಕೆ ಒತ್ತಿದಳು. ಜೆಲ್ ಒಂದು ಕ್ಷಣ ಪುಟ್ಟ ಗುಮ್ಮಟದಂತೆ ನಿಂತು, ಆಮೇಲೆ ಮೆಲ್ಲಗೆ ಬಲಗಡೆಯ ಸಂದಿಗೆ ಇಳಿಯಿತು. ಕೈ ಲ್ಯಾಂಪಿನೊಳಗೆ ಹೋಗುವ ಮೊದಲೇ ಮಣಿಕಟ್ಟು ಹಿಡಿದೆ.

"ಸ್ವಲ್ಪವೇ ತಾಕಿದೆ ಮೇಡಂ" ಎಂದಳು.

"ಲ್ಯಾಂಪಿಗೆ ಸ್ವಲ್ಪ, ಬಹಳ ಗೊತ್ತಾಗುವುದಿಲ್ಲ ತಂಗಿ" ಎಂದೆ. ಮರದ ಕಡ್ಡಿಯ ತುದಿಯಿಂದ ಸಂದಿಯುದ್ದಕ್ಕೂ ಎಳೆದು ತೋರಿಸಿದೆ, ಒರೆಸಿಸಿದೆ, ಮತ್ತೆ ಹಚ್ಚಿಸಿದೆ. ಚರ್ಮದ ಮೇಲೆ ಗಟ್ಟಿಯಾದ ಜೆಲ್ ಬೇಗ ಅಂಚು ಬಿಡುತ್ತದೆ, ಕೂದಲು ಸಿಕ್ಕಿಕೊಳ್ಳುತ್ತದೆ, ಗಿರಾಕಿ ಅದನ್ನು ಕಿತ್ತು ಉಗುರಿನ ಪದರವನ್ನೂ ಎಬ್ಬಿಸಿಕೊಂಡು ಬರುತ್ತಾಳೆ. ಇದು ಸಣ್ಣ ಕಾರಣ. ದೊಡ್ಡ ಕಾರಣ ಹೇಳುವುದಕ್ಕೆ ಪ್ರತಿ ತಂಡಕ್ಕೂ ನಾನು ಮೊಬೈಲಿನಲ್ಲಿರುವ 2021ರ ಒಂದು ಫೋಟೋ ತೋರಿಸುತ್ತೇನೆ.

ಅದು ನನ್ನದೇ ಎಡಗೈ. ಬೇಸಿಗೆಯಲ್ಲಿ ಎರೆ ಹೊಲ ಬಿರಿಯುವ ಹಾಗೆ ಬೆರಳ ತುದಿಗಳೆಲ್ಲ ಬಿರಿದಿವೆ. ನಾನು ಕಲಿತದ್ದು 2018ರಲ್ಲಿ, ಹೈದರಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ, ಆರು ದಿನ. ಗೋಡೆಗೆ ಹಾಕಲು ಚೌಕಟ್ಟಿನ ಸಮೇತ ಪ್ರಮಾಣಪತ್ರ ಕೊಟ್ಟರು. ಜೆಲ್ ಚರ್ಮಕ್ಕೆ ತಾಕಬಾರದು ಎಂಬ ಒಂದು ಮಾತನ್ನು ಮಾತ್ರ ಯಾರೂ ಹೇಳಲಿಲ್ಲ. ಬ್ರಷ್ಷಿನಲ್ಲಿ ಹೆಚ್ಚಾದ ಜೆಲ್ಲನ್ನು ನಾವೆಲ್ಲ ಎಡಗೈಯ ತೋರುಬೆರಳಿಗೆ ಒರೆಸಿಕೊಳ್ಳುತ್ತಿದ್ದೆವು, ಅದೇ ಕುಶಲತೆ ಎಂದುಕೊಂಡಿದ್ದೆವು. ಮೂರು ವರ್ಷಕ್ಕೆ ರಾತ್ರಿ ಕೆರೆತ ಶುರುವಾಯಿತು. ಆಮೇಲೆ ಬಿರುಕು. ರೊಟ್ಟಿಯ ಹಿಟ್ಟು ನಾದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸೋಪು ಬದಲಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಅವ್ವ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಕೊನೆಗೆ ಚರ್ಮದ ವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಸ್ನಾನ ಬಿಡಿಸಿ ಪ್ಯಾಚ್ ಟೆಸ್ಟ್ ಮಾಡಿದರು. ನನಗೆ ಒಗ್ಗದಿದ್ದದ್ದು ಜೆಲ್ಲಿನಲ್ಲಿರುವ ಹೈಡ್ರಾಕ್ಸಿಎಥೈಲ್ ಮೆಥಾಕ್ರಿಲೇಟ್, ಚಿಕ್ಕದಾಗಿ ಹೆಮಾ. ಕೇಳಲು ಪಕ್ಕದ ಮನೆಯ ಹುಡುಗಿಯ ಹೆಸರಿನಂತಿದೆ.

ಒಮ್ಮೆ ಇದು ಮೈಗೆ ಒಗ್ಗದಂತಾದರೆ ಮತ್ತೆ ಒಗ್ಗುವುದಿಲ್ಲವಂತೆ. ಹಲ್ಲಿಗೆ ತುಂಬುವ ಪದಾರ್ಥದಲ್ಲಿ, ಮೊಣಕಾಲು ಬದಲಿಸುವಾಗ ಹಾಕುವ ಮೂಳೆಯ ಸಿಮೆಂಟಿನಲ್ಲಿ ಇದೇ ಕುಲದ ರಾಸಾಯನಿಕಗಳಿರುತ್ತವೆ, ಆಗ ಮೊದಲೇ ಹೇಳಿಬಿಡಿ ಎಂದರು. ಮುಂದೆ ಮುದುಕಿಯಾಗಿ ಮೂಳೆಯ ಡಾಕ್ಟರ ಮುಂದೆ ಕುಳಿತು "ನನಗೆ ನೇಲ್ ಪಾಲಿಶ್ ಆಗುವುದಿಲ್ಲ ಸರ್" ಎನ್ನುವ ದೃಶ್ಯ ನೆನೆದರೆ ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಕೆಲಸ ಬಿಡಿ ಎಂದೂ ಹೇಳಿದರು. ಅರ್ಧ ಬಿಟ್ಟೆ. ಜೆಲ್ ಹಚ್ಚುವ ಕೆಲಸ ಈಗ ನನ್ನ ಇಬ್ಬರು ಸಹಾಯಕಿಯರದು. ನಾನು ಕಡ್ಡಿ ಹಿಡಿದು ತೋರಿಸುವವಳು. ಹೀಗೆ ನಾನು ಮೇಷ್ಟ್ರಾದದ್ದು, ಕಲಿಸುವ ಹಂಬಲದಿಂದ ಏನೂ ಅಲ್ಲ.

ಹೆಮಾ ಇರುವ ಉಗುರಿನ ಸಾಮಗ್ರಿಯನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ಯುರೋಪಿನ ಒಕ್ಕೂಟ 2020ರಲ್ಲಿಯೇ ನಿಯಮ ಮಾಡಿದೆ. ಜೆಲ್ ಗಟ್ಟಿಯಾಗಲು ಬೆರೆಸುವ ಟಿಪಿಒ ಎಂಬ ಇನ್ನೊಂದನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಪೂರ್ತಿ ನಿಷೇಧಿಸಿದ್ದಾರೆ. ನಮಗೆ ಮಾಲು ಕಳುಹಿಸುವ ಡೀಲರ್‌ಗೆ ಫೋನ್ ಮಾಡಿ, ಟಿಪಿಒ ಇಲ್ಲದ, ಹೆಮಾ ಇಲ್ಲದ ಜೆಲ್ ಯಾವುದಿದೆ ಎಂದು ಕೇಳಿದೆ. "ನಮ್ಮಲ್ಲಿ ಎಲ್ಲವೂ ಫ್ರೀ ಮೇಡಂ" ಎಂದ. ಬಿಲ್ ಮಾತ್ರ ಪೂರ್ತಿ ಬಂತು. ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದುವುದಕ್ಕೆ ಈಗ ಅಂಗಡಿಯಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇನೆ. ನಾಲ್ವರಿಗೂ ಓದಿಸುತ್ತೇನೆ.

ಶಹಾಬಾದಿನ ಅಕ್ಕನದು ಬೇರೆ ತೊಡಕು, ಅವರಿಗೆ ಕಲಿತದ್ದನ್ನು ಮರೆಸಬೇಕು. ಯಾವ ಕೈ ಸಿಕ್ಕರೂ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುತ್ತಾರೆ. ಉಗುರು ನೀರು ಕುಡಿದು ಹಿಗ್ಗುತ್ತದೆ, ಅದರ ಮೇಲೆ ಜೆಲ್ ಹಚ್ಚಿದರೆ ಒಣಗಿ ಕುಗ್ಗುವಾಗ ಜೆಲ್ ಬಿಟ್ಟುಕೊಳ್ಳುತ್ತದೆ ಎಂದು ಹೇಳಿದೆ. ಒಪ್ಪಿದರು. ಹತ್ತು ನಿಮಿಷ ಕಳೆದು ನೋಡಿದರೆ ಬೋಗುಣಿಗೆ ನೀರು ಸುರಿಯುತ್ತಿದ್ದಾರೆ! ಅವರ ಚೀಲದಲ್ಲಿ ಉಗುರು ಉಜ್ಜುವ ಹೊಸ ಡ್ರಿಲ್ ಮಷಿನ್ ಕೂಡ ಇದೆ, ಆನ್‌ಲೈನಿನಲ್ಲಿ ತರಿಸಿದ್ದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ನಮ್ಮ ಹಿರಿಯರು ಇದಕ್ಕೇ ಮಾಡಿಟ್ಟಿದ್ದಾರೇನೋ. ಅದನ್ನು ಕೊನೆಯ ವಾರದವರೆಗೆ ಹೊರಗೆ ತೆಗೆಯಬಾರದು ಎಂದು ಚೀಲದ ಜಿಪ್ ನಾನೇ ಎಳೆದೆ.

ಎರಡು ಗಂಟೆಗೆ, ಮಂಗಳವಾರವಾದರೂ, ಒಬ್ಬ ಮದುಮಗಳು ತಾಯಿಯೊಡನೆ ಬಂದಳು. ಮೇ 17ರಿಂದ ಅಧಿಕ ಮಾಸ. ಅಷ್ಟರೊಳಗೆ ಮುಗಿಸಬೇಕೆಂದು ಮದುವೆಗಳೆಲ್ಲ ಒಂದರ ಮೇಲೊಂದು ಬಿದ್ದಿವೆ. "ಕತ್ತರಿಸುವುದು ಬೇಡ, ಬರೀ ಬಣ್ಣ" ಎಂದು ತಾಯಿ ಬಾಗಿಲಲ್ಲೇ ಷರತ್ತು ಹಾಕಿದರು. ಫೈಲಿನಿಂದ ಉಜ್ಜುವುದು ಕತ್ತರಿಸಿದಂತೆಯೇ ಅಲ್ಲವೇ ಎಂದು ಆಳಂದದವಳು ನನ್ನ ಕಿವಿಯಲ್ಲಿ ಕೇಳಿದಳು. ಸುಮ್ಮನಿರು ಎಂದು ಕಣ್ಣು ಬಿಟ್ಟೆ.

ಬೇರೆಲ್ಲೋ ಎರಡು ತಿಂಗಳ ಹಿಂದೆ ಮಾಡಿಸಿದ ಎಕ್ಸ್‌ಟೆನ್ಶನ್, ಅಂದರೆ ಉದ್ದಕ್ಕೆಂದು ಕೂರಿಸಿದ ಕೃತಕ ಉಗುರು, ಇನ್ನೂ ಕೈಯಲ್ಲಿತ್ತು. ಎಡಗೈಯ ಉಂಗುರ ಬೆರಳಿನದು ಒಂದು ಮೂಲೆಯಲ್ಲಿ ಎದ್ದಿತ್ತು, ಅದನ್ನು ಮನೆಯಲ್ಲೇ ಗೋಂದು ಹಾಕಿ ಒತ್ತಿಕೊಂಡಿದ್ದಳು. ಅಸಿಟೋನ್ ಹತ್ತಿ ಇಟ್ಟು, ಫಾಯಿಲ್ ಸುತ್ತಿ, ಹದಿನೈದು ನಿಮಿಷ ಕಾದು ತೆಗೆದರೆ ಕೆಳಗೆ ಹಸಿರು. ಬಾವಿಯ ಕಲ್ಲಿನ ಪಾಚಿಯ ಹಾಗೆ, ಅರ್ಧ ಉಗುರಿಗೆ. ನಾಲ್ವರನ್ನೂ ಹತ್ತಿರ ಕರೆದು ತೋರಿಸಬೇಕೆನಿಸಿತು. ಆದರೆ ಹುಡುಗಿಯ ಮುಖ ನೋಡಿ ಕರೆಯಲಿಲ್ಲ.

"ಉಗುರುಸುತ್ತು ಇರಬೇಕು, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿದರೆ ಹೋಗುತ್ತದೆ" ಎಂದರು ತಾಯಿ. ಉಗುರುಸುತ್ತಾದರೆ ಪಕ್ಕದ ಚರ್ಮ ಊದಿ ಕೆಂಪಾಗುತ್ತದೆ, ಸಿಡಿಯುತ್ತದೆ. ಇದು ನೋಯುತ್ತಲೂ ಇರಲಿಲ್ಲ. ಎದ್ದ ಉಗುರಿನ ಕೆಳಗೆ ನೀರು ನಿಂತು ಅಲ್ಲಿ ಬೆಳೆದ ಬ್ಯಾಕ್ಟೀರಿಯಾದ ಬಣ್ಣ ಎಂದು ಹೇಳಿದೆ. ಗಾಳಿಗೆ ಬಿಟ್ಟು ಒಣಗಿಸಿಡಬೇಕು, ಚರ್ಮದ ವೈದ್ಯರಿಗೆ ತೋರಿಸಬೇಕು, ಕಲೆ ಮಾತ್ರ ಉಗುರು ಬೆಳೆದಂತೆಯೇ ಹೋಗಬೇಕು. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಗೆ ಬರಲು ಆರು ತಿಂಗಳು.

"ಆರು ತಿಂಗಳಿಗೆ ನಾಮಕರಣದ ಮಾತು ಶುರುವಾಗುತ್ತದೆ, ಮದುವೆ ಎಲ್ಲಿಯದು? ಅದರ ಮೇಲೆ ಕೆಂಪು ಹಚ್ಚಿಬಿಡಿ, ಯಾರಿಗೆ ಕಾಣುತ್ತದೆ?"

ಒಂಬತ್ತು ಬೆರಳಿಗೆ ಹಚ್ಚಿಕೊಡುತ್ತೇವೆ, ಆ ಒಂದನ್ನು ಬಿಡುತ್ತೇವೆ ಎಂದೆ. ಉಂಗುರ ತೊಡಿಸುವ ಬೆರಳೇ ಬೋಳಾಗಿರಬೇಕೇ ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹುಡುಗಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಂದೂ ಮಾತಾಡಲಿಲ್ಲ. ಹಳೆಯದನ್ನು ತೆಗೆದದ್ದಕ್ಕೆ ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಹೊರಟರು. ಸಂಜೆಯೊಳಗೆ ಯಾರೋ ಅದರ ಮೇಲೆ ಕೆಂಪು ಹಚ್ಚಿರುತ್ತಾರೆ. ಗೊತ್ತಿದೆ.

"ಎಷ್ಟು ಹೋಯಿತು ಮೇಡಂ?" ಎಂದು ಸೇಡಂನವಳು ಕೇಳಿದಳು. 1,800 ಎಂದೆ. ಅವಳು ತುಸು ಹೊತ್ತು ಲೆಕ್ಕ ಹಾಕಿದಳು. ಎಷ್ಟು ದಿನದ ಬಸ್ ಚಾರ್ಜ್ ಎಂದಿರಬೇಕು.

ರೋಜಾದ ಹುಡುಗಿಯ ಬಗ್ಗೆ ಬರೆಯಲೇಬೇಕು. ಉಗುರಿನ ಮೇಲೆ ಪಾಲಿಶ್ ಇದ್ದರೆ ವುಜೂ ಮಾಡುವಾಗ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವಾಗ, ನೀರು ಉಗುರಿಗೆ ತಾಕುವುದಿಲ್ಲ, ನಮಾಜಿಗೆ ಅಡ್ಡಿ. ಆದ್ದರಿಂದ ಅವರ ಕಡೆಯ ಹೆಣ್ಣುಮಕ್ಕಳು ವಾರಗಟ್ಟಲೆ ಉಳಿಯುವ ಜೆಲ್ ಮಾಡಿಸಿಕೊಳ್ಳುವುದು ಕಡಿಮೆ. ಇವಳು ಅದಕ್ಕೆ ತಾನೇ ದಾರಿ ಕಂಡುಕೊಂಡಿದ್ದಾಳೆ. ಪ್ಲಾಸ್ಟಿಕ್ ಉಗುರುಗಳ ಮೇಲೆ ಚಿತ್ತಾರ ಬರೆದು ಹತ್ತರ ಸೆಟ್ ಮಾಡಿ ಮಾರುತ್ತಾಳೆ. ಅಂಟಿಸಿಕೊಂಡು ನಿಕಾಹ್ ಮುಗಿಸಿ, ತೆಗೆದು ಡಬ್ಬಿಯಲ್ಲಿಟ್ಟು ನಮಾಜು ಮಾಡಬಹುದು. ಚರ್ಮಕ್ಕೆ ಜೆಲ್ ತಾಕುವ ಪ್ರಶ್ನೆಯೇ ಇಲ್ಲ. ಇವತ್ತು ಬೀದರಿನ ಬಿದರಿ ಹೂಜಿಯ ಬಳ್ಳಿಯನ್ನು ಕಪ್ಪು ಮ್ಯಾಟ್ ಮೇಲೆ ಬೆಳ್ಳಿ ಬಣ್ಣದಲ್ಲಿ ಎಳೆದು ತಂದಿದ್ದಳು, ಸೊಗಸಾಗಿತ್ತು. ಬಿದರಿಯವರು ಲೋಹವನ್ನು ಕೊರೆದು ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾರೆ, ನಾವು ಮೇಲೆ ಬಳಿಯುವವರು, ಆದ್ದರಿಂದ ಬಿದರಿ ಕಲೆ ಎಂದು ಡಬ್ಬಿಯ ಮೇಲೆ ಬರೆಯಬೇಡ ಎಂದೆ. "ಬಿದರಿ ನಮೂನೆ ಎಂದು ಬರೆಯಲೇ ಅಕ್ಕ?" ಎಂದಳು. ಬರೆ ಎಂದೆ. ಈ ಹುಡುಗಿ ನಮ್ಮೆಲ್ಲರಿಗಿಂತ ಮೊದಲು ಉದ್ಧಾರವಾಗುತ್ತಾಳೆ.

ಉಳಿದ ಗಿರಾಕಿಗಳು ಕೇಳುವುದು ರೊಟ್ಟಿ ಉಗುರು. ಆ ಹೆಸರು ನಮ್ಮ ಅಂಗಡಿಯದೇ. ಜೋಳದ ರೊಟ್ಟಿ ಬಡಿದರೂ ಹಿಟ್ಟಿಗೆ ಗೀರು ಬೀಳದಷ್ಟು ಉದ್ದ, ತುದಿ ದುಂಡಗೆ. ಬೆಂಗಳೂರಿನಿಂದ ಬಂದ ಸೊಸೆಯಂದಿರು ನಗುತ್ತಾರೆ, ಆರು ತಿಂಗಳಾದ ಮೇಲೆ ಅದನ್ನೇ ಕೇಳುತ್ತಾರೆ.

ಮನೆಗೆ ಕಳುಹಿಸುವಾಗ ಯಾರಿಗೂ ಜೆಲ್ ಕೊಡುವುದಿಲ್ಲ. ಸಾದಾ ನೇಲ್ ಪಾಲಿಶ್ ಕೊಡುತ್ತೇನೆ, ಗಾಳಿಗೆ ಒಣಗುವಂಥದ್ದು. ಯಾರದಾದರೂ ಕೈ ಹಿಡಿದು ಹಚ್ಚಿ ಫೋಟೋ ಕಳುಹಿಸಬೇಕು. ರಾತ್ರಿ ಒಂಬತ್ತೂವರೆಗೆ ಸೇಡಂನಿಂದ ಬಂತು. ಅವಳ ಅವ್ವನ ಕೈ. ಬೇಳೆ ಮಿಲ್ಲಿನಲ್ಲಿ ತೊಗರಿ ಆರಿಸುವವರು, ತೋರುಬೆರಳಿನ ಉಗುರು ಒಂದೇ ಬದಿಗೆ ಸವೆದು ಓರೆಯಾಗಿದೆ, ಹೆಬ್ಬೆರಳಿನದರಲ್ಲಿ ಉದ್ದಕ್ಕೂ ಒಂದು ಸೀಳು. ಅದರ ಮೇಲೆ ನೇರಳೆ ಬಣ್ಣ. ಪಕ್ಕದಲ್ಲಿ ಬರೆದಿದ್ದಳು: "ಅವ್ವನಿಗೆ ಇದೇ ಮೊದಲ ಸಲ. ಸರಿ ಇದೆಯೇ ಮೇಡಂ?"

ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಒಂದೊಂದೇ ನೋಡಿದೆ. ನಾಲ್ಕು ಬೆರಳಿನಲ್ಲಿ ಜಾಗ ಬಿಟ್ಟಿದ್ದಾಳೆ, ತೆಳ್ಳಗೆ, ಸರಿಯಾಗಿ.

"ಹೆಬ್ಬೆರಳಿನ ಎಡಬದಿ ತಾಕಿದೆ. ಒರೆಸಿ ಮತ್ತೆ ಹಚ್ಚು" ಎಂದು ಬರೆದೆ.

"ಅವ್ವ ಮಲಗಿಬಿಟ್ಟಳು" ಎಂದು ಉತ್ತರ ಬಂತು.