ಕೆರೆ ಏರಿ ಒಡೆಯುವ ದೃಶ್ಯ ಮತ್ತು ‘ಅಕಿರಾ’ದ ಮೂರನೆಯ ಸಂಪುಟ

ಬೆಂಗಳೂರಿನ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಸ್ಟೋರಿಬೋರ್ಡ್ (ದೃಶ್ಯವನ್ನು ಪ್ಯಾನೆಲ್ ಎಂಬ ಚಿತ್ರಚೌಕಗಳಲ್ಲಿ ಮೊದಲೇ ಬಿಡಿಸಿಡುವುದು) ಬರೆಯುವ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಕ್ಕಳ ಚಿತ್ರವೊಂದಕ್ಕಾಗಿ ರಾತ್ರಿ ಹೊತ್ತು ಕೆರೆ ಏರಿ ಒಡೆದು ನೀರು ಊರಿಗೆ ನುಗ್ಗುವ ದೃಶ್ಯ ನನ್ನ ಪಾಲಿಗೆ ಬಂದಿತ್ತು. 14 ಸೆಕೆಂಡಿನ ದೃಶ್ಯಕ್ಕೆ 22 ಪ್ಯಾನೆಲ್‌ಗಳನ್ನು ಬರೆದೆ. ಪ್ರತಿಯೊಂದರಲ್ಲೂ ಕ್ಯಾಮೆರಾ ಓಡುವ ಬಾಣದ ಗುರುತು, ಎಲ್ಲೆಲ್ಲೂ ನೊರೆ, ಕಿರುಚುವ ಮುಖಗಳು. ಆ ಚಿತ್ರಗಳನ್ನು ಸಮಯಕ್ಕೆ ಹೊಂದಿಸಿ ಓಡಿಸುವ ಅನಿಮ್ಯಾಟಿಕ್ ನೋಡಿದ ನಿರ್ದೇಶಕರು ಮಂಗಳೂರು ಕಡೆಯವರು. ‘ನೀರೇನೋ ಬಂತು, ಭಯ ಬರಲಿಲ್ಲವಲ್ಲ ಮಾರಾಯ್ರೇ’ ಎಂದಷ್ಟೇ ಹೇಳಿ ಎದ್ದು ಹೋದರು.

ಆ ಸಂಜೆ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಕತ್ಸುಹಿರೊ ಒಟೊಮೊ ಅವರ ‘ಅಕಿರಾ’ ಎಂಬ ಕಾಮಿಕ್ಸ್‌ನ ಮೂರನೆಯ ಸಂಪುಟವನ್ನು ನನ್ನ ಮುಂದಿಟ್ಟರು. ಜಪಾನಿನ ‘ಯಂಗ್ ಮ್ಯಾಗಜೀನ್’ನಲ್ಲಿ 1982ರಿಂದ 1990ರವರೆಗೆ ಧಾರಾವಾಹಿಯಾಗಿ ಬಂದು, ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟ ತುಂಬಿದ ಈ ಕೃತಿಯ ಹೆಸರನ್ನು ಕೇಳಿದ್ದೆನಾದರೂ, ಕಾಮಿಕ್ಸ್ ಎಂದರೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು ಅಜ್ಜಿಯ ಊರು ತಲುಪುವಷ್ಟರಲ್ಲಿ ಮುಗಿಸುತ್ತಿದ್ದ ತೆಳು ಪುಸ್ತಕವೆಂಬ ಭಾವನೆ ನನ್ನಲ್ಲಿ ಉಳಿದುಕೊಂಡಿತ್ತು.

ಗುರಿ ತಪ್ಪಿದ ಗುಂಡಿಗೆ ಹುಡುಗನೊಬ್ಬ ಬಲಿಯಾದೊಡನೆ ಕಥೆಯ ನಿಯೋ ಟೋಕಿಯೊ ನಗರವೇ ಕುಸಿಯುವ ಭಾಗ ಆ ಸಂಪುಟದ ಕೊನೆಯಲ್ಲಿದೆ. ಪುಟದ ಮೇಲೆ ಪುಟ ಮಗುಚಿದರೂ ಮಾತು ಬಹುತೇಕ ಇಲ್ಲ. ನಾನು ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಚಿತ್ರಗಳನ್ನು ಬಿಟ್ಟು ಪ್ಯಾನೆಲ್‌ಗಳ ಅಂಚನ್ನು ಮಾತ್ರ ಪೆನ್ಸಿಲಿನಲ್ಲಿ ತೆಗೆದೆ. ಚಿಕ್ಕ ಚೌಕಗಳನ್ನು ಕಣ್ಣು ಬೇಗ ದಾಟುತ್ತದೆ. ಎರಡು ಪುಟಕ್ಕೂ ಹರಡಿದ ಚಿತ್ರ ಎದುರಾದಾಗ ಒಂದೊಂದು ಕಿಟಕಿಯನ್ನೂ ಒಂದೊಂದು ಬಿರುಕನ್ನೂ ನೋಡುತ್ತ ಓದುಗ ತಾನಾಗಿಯೇ ನಿಂತುಬಿಡುತ್ತಾನೆ. ಸಿನಿಮಾದಲ್ಲಿ ಗಡಿಯಾರ ಮಾಡುವ ಕೆಲಸವನ್ನು ಇಲ್ಲಿ ಚೌಕದ ಅಳತೆ ಮಾಡುತ್ತಿತ್ತು. ನಮ್ಮ ಬೋರ್ಡಿನಲ್ಲಾದರೋ ಎಲ್ಲ ಪ್ಯಾನೆಲ್‌ಗಳ ಅಳತೆಯೂ ಒಂದೇ, ಮತ್ತು ನಾನು ಅವಕ್ಕೆಲ್ಲ ಒಂದೇ ಅವಸರವನ್ನು ತುಂಬಿದ್ದೆ.

ಇಷ್ಟು ತಿಳಿದ ಮೇಲೂ ಮತ್ತೆ ಎಡವಿದೆ. ಪುಟದ ಉದ್ದಕ್ಕೂ ಇಳಿಯುವ ಪ್ಯಾನೆಲ್ಲಿನ ಮೋಹಕ್ಕೆ ಬಿದ್ದು ಏರಿಯನ್ನು ಕಡಿದಾಗಿ, ಎತ್ತರವಾಗಿ ಬರೆದೆ. ಅಡ್ಡಗಲದ ಪರದೆಯಲ್ಲಿ ಅದನ್ನು ತೋರಿಸಲು ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ಜಾರಬೇಕಾಗಿ ಬಂದು, ನೋಡುವವರಿಗೆ ಲಿಫ್ಟಿನಲ್ಲಿ ಇಳಿದಂತಾಯಿತು. ಸ್ವತಃ ಒಟೊಮೊ ಅವರೇ 1988ರಲ್ಲಿ ‘ಅಕಿರಾ’ವನ್ನು ಸಿನಿಮಾ ಮಾಡಿದಾಗ, ಕಾಮಿಕ್ಸ್ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಕಥೆಯ ಬಹುಭಾಗವನ್ನು ಕೈಬಿಟ್ಟು ಸುಮಾರು ಎರಡು ಗಂಟೆಗೆ ಹೊಸದಾಗಿ ಹೊಂದಿಸಿಕೊಂಡಿದ್ದರೆಂಬುದನ್ನು ನಾನು ಆಮೇಲೆ ಗಮನಿಸಿದೆ.

ಅದೇ ಸಹೋದ್ಯೋಗಿಯಿಂದ ಫ್ರಾನ್ಸಿನ ಕಾಮಿಕ್ಸ್ ಕಲಾವಿದ ಮೋಬಿಯಸ್ ಅವರ ಪರಿಚಯವೂ ಆಯಿತು. 1975ರಲ್ಲಿ ‘ಮೆತಾಲ್ ಉರ್ಲಾಂ’ ಪತ್ರಿಕೆಯಲ್ಲಿ ಬಂದ ಅವರ ‘ಆರ್ಜಾಕ್’ನಲ್ಲಿ ಹಕ್ಕಿಯಂಥ ಜೀವಿಯ ಮೇಲೆ ಕುಳಿತವನೊಬ್ಬ ಹಾರುತ್ತಾನೆ, ಸಂಭಾಷಣೆ ಒಂದೂ ಇಲ್ಲ. (ಶೀರ್ಷಿಕೆಯ ಕಾಗುಣಿತ ಕಂತಿನಿಂದ ಕಂತಿಗೆ ಬದಲಾಗುವ ತುಂಟತನ ನನಗೆ ಬಹಳ ಇಷ್ಟ.) ‘ಏಲಿಯನ್’ ಚಿತ್ರದ ಬಾಹ್ಯಾಕಾಶ ಉಡುಪುಗಳಿಗೂ ‘ಟ್ರಾನ್’ ಚಿತ್ರದ ವಿನ್ಯಾಸಕ್ಕೂ ಸಿನಿಮಾದವರು ಇವರನ್ನು ಕರೆಸಿಕೊಂಡರು, ಆ ಹಾರಾಟದ ನಿಧಾನ ಮಾತ್ರ ಪುಟದಲ್ಲೇ ಉಳಿಯಿತೆಂದು ನನಗನ್ನಿಸುತ್ತದೆ.

ಮೂರನೆಯ ಸಲ 9 ಪ್ಯಾನೆಲ್‌ಗಳನ್ನಷ್ಟೇ ಬರೆದೆ. ಮೊದಲನೆಯದರಲ್ಲಿ ಏರಿಯ ಬುಡದ ಒಣಮಣ್ಣಿನಲ್ಲಿ ಅಂಗೈಯಗಲದ ತೇವ, ಅದರ ಪಕ್ಕ ಒಂದು ಕಪ್ಪೆ. ತೇವ ಹರಡುತ್ತದೆ, ಕಪ್ಪೆ ಜಿಗಿದು ಚೌಕದಾಚೆ ಹೋಗುತ್ತದೆ, ಬರೀ ಮಣ್ಣು ಉಳಿಯುತ್ತದೆ. ಇದಕ್ಕೆ ನಾಲ್ಕು ಸೆಕೆಂಡು, ಎಂದರೆ 96 ಫ್ರೇಮು, ಇಟ್ಟಿದ್ದಕ್ಕೆ ನಿರ್ಮಾಣದ ಲೆಕ್ಕ ನೋಡುವವರು, ಏನೂ ನಡೆಯದ ಶಾಟಿಗೆ ಇಷ್ಟೇಕೆ ಎಂದು ಆಕ್ಷೇಪಿಸಿದರು. ನಿರ್ದೇಶಕರು ಅದನ್ನು ಎರಡು ಸಲ ಓಡಿಸಿ ನೋಡಿ, ‘ಕಪ್ಪೆ ಹೋದ ಮೇಲೆ ಇನ್ನೊಂದು ಸೆಕೆಂಡು ಕೊಡಿ’ ಎಂದರು.