ಎಸ್‌ಯು ಯಾಕಿಷ್ಟು ನಿಧಾನ?

ಹುಬ್ಬಳ್ಳಿಯ ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ಎಸ್‌ಯು (su) ಕಮಾಂಡ್ ಹೊಡೆದು ಬೇರೆ ಯೂಸರ್‌ಗೆ ಹೋಗಬೇಕು ಅಂದ್ರೆ ಪಾಸ್‌ವರ್ಡ್ ಕೊಟ್ಟ ಮೇಲೆ ಕರ್ಸರ್ ಸುಮ್ನೆ ನಿಂತುಬಿಡುತ್ತಿತ್ತು. ಸರ್ವರ್ ಮೇಲಿನ ಲೋಡ್ ತೋರಿಸೋ ಟಾಪ್ ಕಮಾಂಡ್ ಹಾಕಿ ನೋಡಿದರೆ ಸಿಪಿಯು ಖಾಲಿ, ಮೆಮೊರಿನೂ ಬೇಕಾದಷ್ಟಿದೆ. ರ‍್ಯಾಮ್ ಜಾಸ್ತಿ ಹಾಕ್ಸೋಣ ಅಂದವರೂ ಇದ್ದರು. ಆದರೆ ಪ್ರತಿ ಸಲ ಹಿಡಿಯುತ್ತಿದ್ದದ್ದು ಸರಿಯಾಗಿ 25 ಸೆಕೆಂಡ್, ಲೋಡ್ ಜಾಸ್ತಿಯಾಗಿ ಆಗೋ ನಿಧಾನ ಹೀಗೆ ಗಡಿಯಾರ ನೋಡಿಕೊಂಡು ಬರಲ್ಲ ಅಲ್ವಾ, ಯಾವುದೋ ಪ್ರೋಗ್ರಾಂ ಇನ್ನೊಂದರ ಉತ್ತರಕ್ಕೆ ಕಾದು ಕಾದು ಕೈಬಿಡ್ತಿದೆ ಅಂತಲೇ ಅರ್ಥ. ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡಿಕೊಳ್ಳೋ ಡಿ-ಬಸ್‌ನಲ್ಲಿ ಉತ್ತರಕ್ಕೆ ಕಾಯುವ ಡಿಫಾಲ್ಟ್ ಮಿತಿಯೂ ಅದೇ 25 ಸೆಕೆಂಡ್.

ಲಾಗ್ ತೆಗೆದೆವು. ಸೆಷನ್ ಶುರು ಮಾಡೋಕೆ ಆಗಲಿಲ್ಲ, ಕನೆಕ್ಷನ್ ಟೈಮ್‌ಔಟ್ ಅಂತ ಲಾಗಿನ್ ನೋಡಿಕೊಳ್ಳೋ ಪಾಮ್ (PAM) ಸಾಲುಸಾಲಾಗಿ ಬರೆದಿಟ್ಟಿತ್ತು. ಅಪ್‌ಡೇಟ್ ಹಾಕುವಾಗ ಡಿ-ಬಸ್ ರೀಸ್ಟಾರ್ಟ್ ಆಗಿದೆ, ಯೂಸರ್ ಸೆಷನ್‌ಗಳ ಲೆಕ್ಕ ಇಡೋ ಸಿಸ್ಟಮ್‌ಡಿ-ಲಾಗಿನ್‌ಡಿ ಮಾತ್ರ ಹಳೇ ಸಂಪರ್ಕ ಹಿಡಿದುಕೊಂಡೇ ಕೂತಿದೆ. ಲಾಗಿನ್‌ಡಿ ರೀಸ್ಟಾರ್ಟ್ ಮಾಡಿದ್ದೇ ತಡ, ಎಸ್‌ಯು ಕೊಟ್ಟ ಕೂಡಲೇ ಪ್ರಾಂಪ್ಟ್ ಬಂತು.

ನನ್ನನ್ನು ಕಾಡಿದ್ದು ಬೇರೆ. ಧಾರವಾಡದಿಂದ ದಿನಾ ಓಡಾಡುವ ಹೊಸ ಹುಡುಗ "ಅದು ಹಿಂಗೇ ಐತ್ರಿ ಸರ" ಅಂದ. ಅವನು ಸೇರಿದಾಗಿಂದ ಸರ್ವರ್ ಹೀಗೇ ಇದೆ, ಬೇಗ ಬರೋ ಎಸ್‌ಯು ಅವನು ನೋಡೇ ಇಲ್ಲ. ದೂರು ಕೊಡಬಹುದು ಅಂತಲೂ ಅವನಿಗೆ ಯಾರೂ ಹೇಳಿರಲಿಲ್ಲ, ಅದು ನನಗೆ ನಿಜಕ್ಕೂ ಬೇಜಾರಾಯ್ತು.

ನಿಮ್ಮಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋ sudo) ಒಂದೇ ನಿಧಾನ ಇದ್ದರೆ ಮೊದಲು ಈಟಿಸಿ (/etc) ಫೋಲ್ಡರಿನೊಳಗಿನ ಹೋಸ್ಟ್ಸ್ ಫೈಲಿನಲ್ಲಿ ಸರ್ವರ್‌ನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಸುಡೋ ಆ ಹೆಸರನ್ನು ಹುಡುಕಿಕೊಂಡು, ಹೆಸರಿಗೆ ಐಪಿ ವಿಳಾಸ ಹೇಳೋ ಡಿಎನ್‌ಎಸ್ ಹತ್ತಿರ ಹೋಗುತ್ತೆ, ಅಲ್ಲಿ ಉತ್ತರ ಸಿಗದಿದ್ದರೆ ಕಾಯುತ್ತೆ.