ನಾಲ್ಕಡಿಗೆ ಒಬ್ಬ ಆಳು: ವೈಕಿಂಗರನ್ನು ತಡೆದ ಗೋಡೆ ಲೆಕ್ಕ

ವೈಕಿಂಗರು, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ದಾಳಿಕೋರರು, ಅಂದ ಕೂಡಲೇ ಎಲ್ಲರೂ 793ರ ಲಿಂಡಿಸ್ಫಾರ್ನ್ ಮಠದ ಲೂಟಿಯನ್ನೇ ಹೇಳುತ್ತಾರೆ. ಇಂದಿನ ಇಂಗ್ಲೆಂಡಿನಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ರಾಜ್ಯಗಳ ಬುಡ ಅಲುಗಿದ್ದು ಮಾತ್ರ 865ರಲ್ಲಿ. ಆ ವರ್ಷ ಬಂದ ದೊಡ್ಡ ದಂಡು ದೋಚಿಕೊಂಡು ಮರಳಲಿಲ್ಲ, ಅಲ್ಲೇ ಚಳಿಗಾಲ ಕಳೆಯಿತು. ಈಸ್ಟ್ ಆಂಗ್ಲಿಯಾದವರು ಕುದುರೆ ಕೊಟ್ಟು ಸಂಧಿ ಮಾಡಿಕೊಂಡರು. ಆ ಕುದುರೆ ಹತ್ತಿಕೊಂಡೇ ದಂಡು ಯಾರ್ಕ್‌ಗೆ ಹೋಯಿತು, 869ರಲ್ಲಿ ತಿರುಗಿ ಬಂದು ಅದೇ ಈಸ್ಟ್ ಆಂಗ್ಲಿಯಾದ ರಾಜ ಎಡ್ಮಂಡ್‌ನನ್ನು ಕೊಂದಿತು. 874ರಲ್ಲಿ ಮರ್ಸಿಯಾದ ರಾಜ ಬರ್ಗ್ರೆಡ್ ರೋಮ್‌ಗೆ ಓಡಿದ. ಉಳಿದದ್ದು ವೆಸೆಕ್ಸ್ ಒಂದೇ.

878ರಲ್ಲಿ ವೆಸೆಕ್ಸ್‌ನ ರಾಜ ಆಲ್ಫ್ರೆಡ್ ಎಡಿಂಗ್ಟನ್‌ನಲ್ಲಿ ಗೆದ್ದ, ಸರಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ 'ಬುರ್ಹ್' ಎಂಬ ಕೋಟೆಯೂರುಗಳದ್ದು. ರೈತರನ್ನು ಕರೆದು ಸೇನೆ ಕೂಡಿಸುವಷ್ಟರಲ್ಲಿ ಲೂಟಿ ಮುಗಿದೇ ಹೋಗುತ್ತಿತ್ತು. ಹಾಗಾಗಿ ಆಳುಗಳು ಮೊದಲೇ ಗೋಡೆಯ ಮೇಲಿರಬೇಕಿತ್ತು.

ಎಷ್ಟು ಆಳು? ಆಲ್ಫ್ರೆಡ್‌ನ ಮಗ ಎಡ್ವರ್ಡ್‌ನ ಕಾಲದ ಒಂದು ಪಟ್ಟಿಯಲ್ಲಿ ಲೆಕ್ಕವಿದೆ. ಒಂದು ಹೈಡ್, ಅಂದರೆ ಒಂದು ಸಂಸಾರ ಸಾಗುವಷ್ಟು ಜಮೀನಿಗೆ, ಒಬ್ಬ ಆಳು. ಒಂದು ಪೋಲ್, ಅಂದರೆ 16.5 ಅಡಿ ಗೋಡೆಗೆ, ನಾಲ್ವರು. (ನಮ್ಮ ಒಂದು ಗುಂಟೆ 33 ಅಡಿ ಚೌಕ, ಬದಿಗೆ ಸರಿಯಾಗಿ ಎರಡು ಪೋಲ್. ಗುಂಟೆಯ ಒಂದು ಬದಿ ಕಾಯಲು ಎಂಟು ಜನ ಅಂದುಕೊಳ್ಳಿ.) ವಿಂಚೆಸ್ಟರ್ ಎಂಬ ಬುರ್ಹ್‌ಗೆ 2,400 ಹೈಡ್, ಅಂದರೆ ಅಷ್ಟೇ ಆಳು. ನಾಲ್ಕರಿಂದ ಭಾಗಿಸಿ 16.5ರಿಂದ ಗುಣಿಸಿದರೆ 9,900 ಅಡಿ. ಅಲ್ಲಿನ ರೋಮನ್ ಗೋಡೆ ಅಳೆದರೆ 9,954 ಅಡಿ! ಎಲ್ಲ ಕಡೆಯೂ ಹೀಗೆ ತಾಳೆಯಾಗುವುದಿಲ್ಲ. ಎಕ್ಸೆಟರ್‌ಗೆ ಕೊಟ್ಟದ್ದು 734 ಹೈಡ್, ಸುಮಾರು 3,000 ಅಡಿಗೆ ಸಾಲುತ್ತದೆ. ಅಲ್ಲಿನ ಗೋಡೆ ಅದರ ಎರಡರಷ್ಟಕ್ಕಿಂತ ಉದ್ದ.

ಹೊಲದ ಕೆಲಸ ನಿಲ್ಲದಿರಲೆಂದು ಆಲ್ಫ್ರೆಡ್ ಸೇನೆಯನ್ನು ಎರಡು ಪಾಳಿ ಮಾಡಿದ: ಅರ್ಧ ಮನೆಯಲ್ಲಿ, ಅರ್ಧ ದಂಡಿನಲ್ಲಿ. ಕೋಟೆ ಕಾಯುವವರು ಬೇರೆ. ಇದೂ ಕೈಕೊಟ್ಟದ್ದುಂಟು. 893ರಲ್ಲಿ ಥಾರ್ನಿ ದ್ವೀಪದಲ್ಲಿ ವೈಕಿಂಗರು ಸಿಕ್ಕಿಬಿದ್ದಿದ್ದರು, ಅವರ ನಾಯಕನಿಗೆ ಗಾಯವಾಗಿ ಅಲುಗುವಂತಿರಲಿಲ್ಲ. ಆದರೆ ಮುತ್ತಿಗೆ ಹಾಕಿದವರ ಪಾಳಿಯೂ ಮುಗಿಯಿತು, ಬುತ್ತಿಯೂ ಮುಗಿಯಿತು. ಮುಂದಿನ ಪಾಳಿಯವರೊಡನೆ ರಾಜ ಇನ್ನೂ ದಾರಿಯಲ್ಲಿದ್ದಾಗಲೇ ಇವರು ಮನೆಗೆ ಹೊರಟರು.

ಕಟ್ಟಿ ಮುಗಿಸದ ಕೋಟೆಯ ಗತಿ ಅದರ ಹಿಂದಿನ ವರ್ಷವೇ ಕಂಡಿತ್ತು. 892ರಲ್ಲಿ 250 ಹಡಗುಗಳು ಕೆಂಟ್‌ನ ಲಿಂಪ್ನೆ ನದೀಮುಖಕ್ಕೆ ಬಂದವು. ವೈಕಿಂಗರು ಹಡಗುಗಳನ್ನು ನಾಲ್ಕು ಮೈಲಿ ಒಳಕ್ಕೆ ಎಳೆದುಕೊಂಡು ಹೋದರೆ ಎದುರಿಗಿದ್ದದ್ದು ಅರ್ಧ ಎದ್ದ ಕೋಟೆ, ಒಳಗೆ ಬೆರಳೆಣಿಕೆಯ ರೈತರು.